ಅರ್ಧ ಎಳೆದ ಶಟರ್

ಎರಡನೇ ಮಹಡಿಯ ನಮ್ಮ ಮೂರ್ತಿ ಸಾರ್‌ಗೆ,

ಇದನ್ನು ನಿಮ್ಮ ಮಹಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಶನಿವಾರ ಬೆಳಗ್ಗೆ, ಜೆ.ಪಿ. ನಗರದ ಅದೇ ಆಫೀಸು, ನಿಮ್ಮ ನೆಟ್‌ವರ್ಕ್ ಟೀಮಿನವರ ಅದೇ ಉದ್ದ ಮೇಜು. ನೀವಿದ್ದಾಗ ನಾನು ನಾಲ್ಕನೇ ಮಹಡಿಯಿಂದ ಇಲ್ಲಿಗೆ ಇಳಿದು ಬರುತ್ತಿದ್ದದ್ದು ಜಗಳಕ್ಕೆ ಮಾತ್ರ, ಅಲ್ಲವೇ? ಇವತ್ತು ಜಗಳವಿಲ್ಲ. ಅರ್ಜಿ ತುಂಬುವ ನಮ್ಮ ವೆಬ್‌ಸೈಟಿಗೆ ಹೊಸ ಸಾಫ್ಟ್‌ವೇರ್ ಹಾಕಬೇಕು. ಒಂದು ಸರ್ವರಿನಲ್ಲಿ ಇನ್ನೂ ಹನ್ನೊಂದು ಜನ ಅರ್ಜಿ ತುಂಬುತ್ತಿದ್ದಾರೆ. ಅವರು ಮುಗಿಸಲಿ ಎಂದು ಕಾಯುತ್ತಿದ್ದೇವೆ. ಕಾಯುವುದನ್ನು ಕಲಿಯಲು ಈ ಶೈಲಜಾಗೆ ಎಷ್ಟು ಕಾಲ ಬೇಕಾಯಿತು ಎಂದು ನಿಮಗೆ ಗೊತ್ತಿದ್ದರೆ...

ಜಯನಗರ ನಾಲ್ಕನೇ ಬ್ಲಾಕಿನ ಆ ಹೋಟೆಲು ನೆನಪಿದೆಯೇ? ನಮ್ಮಿಬ್ಬರ ಟೀಮುಗಳು ಹಿಗ್ಗಾಮುಗ್ಗಾ ಕಿತ್ತಾಡಿದ ದಿನ, ನೀವೇ ನನ್ನನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದಿರಿ. ಮೂರು ಗಂಟೆ ದಾಟಿತ್ತು. ನಾವು ಹುಳಿಯನ್ನ ಕಲಸುತ್ತಿದ್ದಾಗ ಹೋಟೆಲಿನವರು ಶಟರನ್ನು ಅರ್ಧಕ್ಕೆ ಎಳೆದರು. ಲೋಡ್ ಬ್ಯಾಲೆನ್ಸರ್ ಎಂದರೆ ನನ್ನ ಪಾಲಿಗೆ ಅಲ್ಲಿಯವರೆಗೆ, ಬಂದ ಜನರನ್ನು ನಮ್ಮ ನಾಲ್ಕು ಸರ್ವರುಗಳಿಗೆ ಹಂಚುವ ನಿಮ್ಮ ಟೀಮಿನ ಒಂದು ಪೆಟ್ಟಿಗೆ, ಅಷ್ಟೇ. ನೀವು ಶಟರಿನ ಕಡೆ ಕೈ ತೋರಿಸಿದಿರಿ. "ನೋಡಮ್ಮ, ಹೊಸಬರು ಒಳಗೆ ಬರಲ್ಲ, ಕೂತಿರೋರು ಊಟ ಮುಗಿಸ್ತಾರೆ. ಅರ್ಧ ಊಟದಲ್ಲಿ ಯಾರನ್ನೂ ಎಬ್ಬಿಸ್ಬಾರ್ದು. ಸರ್ವರ್ ನಿಲ್ಸೋಕೆ ಮುಂಚೆ ನಂಗೊಂದು ಮಾತು ಹೇಳು, ಪೆಟ್ಟಿಗೇಲಿ ನಾನು ಹಿಂಗೇ ಅರ್ಧ ಶಟರ್ ಎಳೀತೀನಿ." ನಾನು ತಲೆಯಾಡಿಸಿ ಮಜ್ಜಿಗೆ ಹಾಕಿಸಿಕೊಂಡೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಅದಾದ ಕೆಲವೇ ದಿನಕ್ಕೆ ಆ ಬುಧವಾರ ಬಂತು, ಅರ್ಜಿ ಸಲ್ಲಿಸಲು ಕೊನೆಯ ದಿನ. ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಸಣ್ಣ ತಪ್ಪು ಕಂಡಿತ್ತು, ಸರಿಮಾಡಲು ಎರಡು ನಿಮಿಷ ಸಾಕು. ಆದರೆ ನಿಮಗೆ ಒಂದು ಮಾತು ಹೇಳುವುದೆಂದರೆ ಬರೀ ಮಾತೇ? ಟಿಕೆಟ್ ಹಾಕಬೇಕು, ಅಂದರೆ ಕಂಪ್ಯೂಟರಿನಲ್ಲಿ ಕೋರಿಕೆ ಬರೆದು ಕಳಿಸಬೇಕು, ಎರಡು ಮಹಡಿಯ ಮ್ಯಾನೇಜರುಗಳೂ ಒಪ್ಪಬೇಕು, ನಿಮ್ಮ ಹುಡುಗರು ಪ್ರಶ್ನೆ ಕೇಳಬೇಕು, ನಾನು ಉತ್ತರಿಸಬೇಕು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಯಾರಿಗೂ ಹೇಳದೆ ಸರ್ವರ್ ನಿಲ್ಲಿಸಿದೆ. ಅದರಲ್ಲಿ ಅರ್ಜಿ ತುಂಬುತ್ತಿದ್ದವರ ಪುಟಗಳೆಲ್ಲ ಖಾಲಿಯಾದವು. ಸರ್ವರ್ ನಿಂತಿದೆ ಎಂದು ನಿಮ್ಮ ಪೆಟ್ಟಿಗೆಗೆ ತಿಳಿಯುವಷ್ಟರಲ್ಲಿ ಅದು ಇನ್ನಷ್ಟು ಜನರನ್ನು ಅಲ್ಲಿಗೇ ಕಳಿಸಿತ್ತು. ತಿಲಕ್ ನಗರದ ಒಂದು ಸೈಬರ್ ಸೆಂಟರಿನಿಂದ ಒಬ್ಬ ಹುಡುಗಿ ಫೋನ್ ಮಾಡಿ, ಮೂರನೇ ಸಲ ತುಂಬುತ್ತಿದ್ದೇನೆ, ಬಾಗಿಲು ಮುಚ್ಚುತ್ತಾರಂತೆ ಎಂದು ಅತ್ತಳು. ಆ ಫೋನ್ ಎತ್ತಿದವಳು ನಾನೇ. ಇಟ್ಟವಳೇ ಮೇಲ್ ಬರೆದೆ. ಲೋಡ್ ಬ್ಯಾಲೆನ್ಸರ್ ಕೈಕೊಟ್ಟಿದೆ, ನೆಟ್‌ವರ್ಕ್ ಟೀಮ್ ಉತ್ತರಿಸಲಿ ಎಂದು, ದೊಡ್ಡವರೆಲ್ಲರಿಗೂ ಪ್ರತಿ ಹಾಕಿ.

ಮರುದಿನ ಮೀಟಿಂಗ್ ಕರೆದರು. ನಿಮ್ಮ ಮುಂದೆ ಒಂದು ಹಾಳೆ ಮಗುಚಿಟ್ಟಿತ್ತು. ನಿಮ್ಮ ಪಕ್ಕದಲ್ಲಿದ್ದ ಯೂಸುಫ್, ನೀವೇ ಕೈಹಿಡಿದು ಕೆಲಸ ಕಲಿಸಿದ ನಿಮ್ಮ ಶಿಷ್ಯ, ಎರಡು ಸಲ ಆ ಹಾಳೆಗೆ ಕೈ ಹಾಕಿದ. ಎರಡು ಸಲವೂ ನೀವು ಅದರ ಮೇಲೆ ಕೈ ಊರಿದಿರಿ. ವರದಿಯಲ್ಲಿ ತಪ್ಪು ನೆಟ್‌ವರ್ಕ್ ಟೀಮಿನದು ಎಂದಾಯಿತು. ಕೆಳಗೆ ನಿಮ್ಮ ಹೆಸರು.

ಶುಕ್ರವಾರ ಸಂಜೆ ಗೇಟಿನ ಪಕ್ಕದ ಟೀ ಅಂಗಡಿಯಲ್ಲಿ ಆ ಹಾಳೆಯನ್ನು ನನ್ನ ಕೈಗೆ ಕೊಟ್ಟಿರಿ. ಸರ್ವರ್ ನಿಲ್ಲಿಸಿದ್ದು ಎಷ್ಟು ಗಂಟೆಗೆ, ಯಾರು, ಎಲ್ಲವೂ ಅದರಲ್ಲಿತ್ತು. ನನ್ನ ಹೆಸರೂ. "ನಾನು ತೋರಿಸಿದ್ರೆ ಎರಡು ಮಹಡಿ ನಡುವೆ ಇನ್ನೊಂದು ಗೋಡೆ ಏಳುತ್ತೆ ಅಷ್ಟೇ. ನೀನೇ ಹೇಳಿದ್ರೆ ಬೇರೆ" ಎಂದಿರಿ. ನಾನು ಟೀ ಲೋಟ ನೋಡುತ್ತಾ, "ಸೋಮವಾರ ಹೇಳ್ತೀನಿ ಸಾರ್" ಅಂದೆ. ನೀವು ನಕ್ಕು, ಸರಿ ಎಂದು ಹೆಲ್ಮೆಟ್ ಹಾಕಿಕೊಂಡಿರಿ.

ಭಾನುವಾರ ಬೆಳಗ್ಗೆ ವಾಕಿಂಗ್ ಮುಗಿಸಿ ಬಂದು, ಚಪ್ಪಲಿ ಬಿಡುವಾಗ ಬಾಗಿದವರು ಮತ್ತೆ ಏಳಲಿಲ್ಲವಂತೆ. ಎಲ್ಲರಿಗೂ ಅರ್ಧ ಶಟರಿನ ಪಾಠ ಹೇಳಿದ ನೀವು ನಿಮ್ಮದನ್ನು ಹೀಗೆ ಒಂದೇ ಏಟಿಗೆ ಎಳೆದುಬಿಟ್ಟಿರಲ್ಲ ಸಾರ್. ಒಳಗಿನ್ನೂ ನಾವೆಲ್ಲ ಕೂತಿದ್ದೆವು. ನನಗೆ ನಿಮ್ಮ ಮೇಲೆ ಎಷ್ಟು ಕೋಪ ಬಂದಿತ್ತು ಗೊತ್ತೇ? ಸೋಮವಾರ ಆಫೀಸಿನಲ್ಲಿ ಎರಡು ನಿಮಿಷ ಮೌನವಾಗಿ ನಿಂತರು. ನಾನೂ ನಿಂತೆ. ಆ ಮೌನ ನನಗೆ ಅನುಕೂಲವಾಯಿತು, ಅದನ್ನೇ ಮುಂದುವರಿಸಿದೆ.

ಚಿಕ್ಕಲಸಂದ್ರದ ನಿಮ್ಮ ಮನೆಗೆ ವೈಕುಂಠ ಸಮಾರಾಧನೆಗೆ ಬಂದಿದ್ದೆ. ನಿಮ್ಮ ಶ್ರೀಮತಿ ಲಲಿತಮ್ಮನವರು ನನ್ನ ಎಲೆಯ ಮುಂದೆ ನಿಂತು, ಕೊನೆಯ ವಾರ ಆಫೀಸಿನಲ್ಲಿ ಏನೋ ಆಗಿತ್ತಂತೆ, ನಿಮಗೇನಾದರೂ ಗೊತ್ತೇ ಎಂದು ಕೇಳಿದರು. ಬಾಯಲ್ಲಿ ಒಬ್ಬಟ್ಟಿತ್ತು. ಇಲ್ಲ ಎಂದು ತಲೆಯಾಡಿಸಿದೆ. ನಿಮ್ಮ ಮನೆಯ ಎಲೆಯ ಮುಂದೆ ಕೂತು ಸುಳ್ಳು ಹೇಳಿದೆ.

ಕಳೆದ ತಿಂಗಳು ಹೊಸದಾಗಿ ಸೇರಿದವರಿಗೆ ತರಬೇತಿ ಇತ್ತು. ಹೇಗೆ ಕೆಲಸ ಮಾಡಬಾರದು ಎಂಬುದಕ್ಕೆ ಉದಾಹರಣೆಯಾಗಿ ಆ ವರದಿಯನ್ನು ಪರದೆಯ ಮೇಲೆ ಹಾಕಿದರು, ನಿಮ್ಮ ಹೆಸರಿನ ಸಮೇತ. ನಿಮ್ಮ ಮುಖವನ್ನೇ ನೋಡಿರದ ಮಕ್ಕಳು ಅದನ್ನು ಬರೆದುಕೊಳ್ಳುತ್ತಿದ್ದರು. ಆಗ ಎದ್ದು ನಿಂತೆ. ತಪ್ಪು ಅವರದಲ್ಲ, ನನ್ನದು ಎಂದೆ. ಅಷ್ಟು ಚಿಕ್ಕ ಮಾತಿಗೆ ಏಳು ತಿಂಗಳು ತೆಗೆದುಕೊಂಡಿದ್ದೆ. ವರದಿ ತಿದ್ದಿದರು, ಕೆಳಗೆ ಈಗ ನನ್ನ ಹೆಸರಿದೆ. ನನ್ನ ಕೈಲಿದ್ದ ಟೀಮಿನ ಹೊಣೆ ಬೇರೆಯವರಿಗೆ ಹೋಯಿತು. ಯೂಸುಫ್ ಎರಡು ವಾರ ನನ್ನ ಮುಖ ನೋಡಲಿಲ್ಲ. ಮೂರನೇ ವಾರ ಒಂದು ಕುರ್ಚಿ ಎಳೆದು, ಇನ್ನು ಮೇಲೆ ಸಾಫ್ಟ್‌ವೇರ್ ಹಾಕೋ ದಿನ ಇಲ್ಲೇ ಬಂದು ಕೂತ್ಕೊಳ್ಳಿ ಮೇಡಂ ಎಂದ. ಟಿಕೆಟ್ ಆಮೇಲೆ, ಮಾತು ಮೊದಲು. ಎರಡೂ ಮಹಡಿಯವರು ಅದನ್ನು ಅರ್ಧ ಶಟರ್ ಎಂದೇ ಕರೆಯುತ್ತಾರೆ.

ಮೊನ್ನೆ ಭಾನುವಾರ ಚಿಕ್ಕಲಸಂದ್ರಕ್ಕೆ ಮತ್ತೆ ಹೋಗಿದ್ದೆ. ಲಲಿತಮ್ಮನವರು ಹುರುಳೀಕಾಯಿ ನಾರು ತೆಗೆಯುತ್ತಿದ್ದರು. ಎಲ್ಲವನ್ನೂ ಹೇಳಿದೆ. ಅವರು ತಲೆ ಎತ್ತದೆ ಕೇಳಿದರು. ಆಮೇಲೆ ಹೇಳಿದರು: "ಆ ಶುಕ್ರವಾರ ಬಂದು, ಸೋಮವಾರ ಒಬ್ರು ನಿಜ ಹೇಳ್ತಾರೆ ಕಣೇ, ಹೇಳೇ ಹೇಳ್ತಾರೆ ಅಂದಿದ್ರು. ಯಾರು ಅಂದ್ರೆ ಹೆಸರು ಹೇಳ್ಲಿಲ್ಲ. ನೀವೇನಾ ಅದು?" ಸಮಾರಾಧನೆಯ ದಿನ ಊಟಕ್ಕೆ ಬಂದ ಆಫೀಸಿನವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದ್ದರಂತೆ, ಆ ಸೋಮವಾರದವರನ್ನು ಹುಡುಕುತ್ತಾ. ನಾನು ಅಲ್ಲೇ ಅತ್ತುಬಿಟ್ಟೆ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ. ಕಾಫಿ ಕೊಟ್ಟು ಕಳಿಸಿದರು.

ಇಷ್ಟು ಬರೆಯುವಷ್ಟರಲ್ಲಿ ಹನ್ನೊಂದು ಜನ ಒಬ್ಬರಿಗೆ ಇಳಿದಿದ್ದಾರೆ ಸಾರ್. ಆ ಒಬ್ಬರು ಅರ್ಧ ಗಂಟೆಯಿಂದ ಒಂದೇ ಪುಟದಲ್ಲಿದ್ದಾರೆ. ಎದ್ದು ಹೋಗಿರಬೇಕು, ನಿಲ್ಲಿಸಿಬಿಡೋಣವೇ ಎಂದು ಯೂಸುಫ್ ಕೇಳುತ್ತಿದ್ದಾನೆ, ನನ್ನ ಸಿಟ್ಟು ಎಲ್ಲಿಯವರೆಗೆ ತಡೆಯುತ್ತದೆ ನೋಡಲು ಇರಬೇಕು. ಬೇಡ ಎಂದೆ. ಅಂಕಪಟ್ಟಿ ಹುಡುಕುತ್ತಿರಬಹುದು. ಅಪ್ಪನನ್ನು ಏನೋ ಕೇಳಿಕೊಂಡು ಬರಲು ಒಳಗೆ ಹೋಗಿರಬಹುದು. ತಡವಾಗಿಯಾದರೂ ಬರುತ್ತಾರೆ ಎಂದು ನೀವು ನನ್ನನ್ನು ನಂಬಿರಲಿಲ್ಲವೇ? ಅವರು ಬರುವವರೆಗೆ ನಾನು ಇಲ್ಲೇ ಕೂತಿರುತ್ತೇನೆ.

ನಿಮ್ಮ ಸೋಮವಾರದವಳು,
ಶೈಲಜಾ