ಅಜ್ಜಿ ಹಾಕಿದ ಬಾಗಿಲು

ಆತ್-ಬಾಶಿ ಮೇಲಿನ ಹುಲ್ಲುಗಾವಲು,
ಜುಲೈ 14

ಪ್ರೀತಿಯ ಅಪ್ಪಾ,

ಇಲ್ಲ, ನಿನ್ನ ಮಾತನ್ನು ನಾನು ಒಪ್ಪುವುದಿಲ್ಲ. ಮೊನ್ನೆ ಇದನ್ನು ಹೇಳುವಷ್ಟರಲ್ಲಿ ನೀನು ಫೋನ್ ಕುಕ್ಕಿದೆ. ಕಾಗದವನ್ನು ಹಾಗೆ ಕುಕ್ಕಲಾಗದು, ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ನೀನಿರುವ ಕಜಾನ್‌ಗೆ ಹೊರಡುವ ಚಿಕ್ಕಪ್ಪ ತಂದುಕೊಡುತ್ತಾನೆ. ನಿನ್ನ ಸೊಂಟನೋವು ಹೇಗಿದೆ? ಸಿಮೆಂಟ್ ಚೀಲ ಹೊರಬೇಡವಂತೆ, ಅಜ್ಜಿಯ ಅಪ್ಪಣೆ. ಅವಳು ಗಟ್ಟಿಯಾಗಿದ್ದಾಳೆ. ಕಂದು ಕುದುರೆ ಮರಿ ಹಾಕಿದೆ. ಅದರ ಹಣೆಯಲ್ಲಿ ನಿನ್ನ ಬೋಳುತಲೆಯಂಥದೇ ಒಂದು ಬಿಳಿ ಮಚ್ಚೆ.

'ಹತ್ತನೇ ಕ್ಲಾಸಿನೋನು ಬೆಟ್ಟದ ಮೇಲೆ ಕೂತು ಫೋನ್ ಉಜ್ಜಿದ್ರೆ ಟೆಕ್ನಿಷಿಯನ್ ಆಗ್ಬಿಡ್ತೀಯೇನೋ?' ಅಂದೆಯಲ್ಲ, ಕೇಳು. ಇಲ್ಲಿ ಸಿಗ್ನಲ್ ಸಿಗುವುದು ಡೇರೆಯ ನೆತ್ತಿಯ ಹೊಗೆಕಿಂಡಿಯಲ್ಲಿ ಮಾತ್ರ. ಫೋನನ್ನು ಉದ್ದ ಕೋಲಿಗೆ ಕಟ್ಟಿ ಅಲ್ಲಿಗೆ ಏರಿಸಿದ್ದೇನೆ. ಅದು ಹಿಡಿದದ್ದನ್ನು ಕೆಳಗಿರುವ ಟ್ಯಾಬ್ಲೆಟ್‌ಗೆ ಇಳಿಸುತ್ತದೆ. ಎರಡೆರಡು ಗಂಟೆಗೊಮ್ಮೆ ಕುದುರೆ ಹಾಲು ಕರೆಯಬೇಕಲ್ಲ, ಒಂದು ಕರಾವಿಗೂ ಇನ್ನೊಂದಕ್ಕೂ ನಡುವೆ ಟೆಕ್ನಿಷಿಯನ್ ಕೋರ್ಸಿನ ಒಂದು ಪಾಠ. ಕೇಳಿ ಕೇಳಿ ಅಜ್ಜಿಗೂ ಬಾಯಿಪಾಠವಾಗಿದೆ. ಹಾಲು ಕಡೆಯುತ್ತಾ, 'ಮೊದ್ಲು ಕೇಬಲ್ ನೋಡೋ, ಆಮೇಲೆ ಪೆಟ್ಟಿಗೆನ ಬೈಯಿ' ಅನ್ನುತ್ತಾಳೆ.

ಪಾಸಾದರೆ ಈ ಕಣಿವೆಯ ಫೋನ್ ಟವರುಗಳನ್ನು ನೋಡಿಕೊಳ್ಳುವ ಕೆಲಸ, ಫೇಲಾದರೆ ನೀನು ತೆಗೆಸಿದ ಇಪ್ಪತ್ತನೇ ತಾರೀಖಿನ ಟಿಕೆಟ್ ಹಿಡಿದು ನಿನ್ನ ಜೊತೆ ಸಿಮೆಂಟ್ ಹೊರಲು ಕಜಾನ್. ಹಾಗಂತ ಮಾತಾಗಿತ್ತು. ಆನ್‌ಲೈನ್ ಪರೀಕ್ಷೆಗೆ ಎರಡೇ ಅವಕಾಶ. ಕೋಣೆಯಲ್ಲಿ ನಾನೊಬ್ಬನೇ ಇರಬೇಕು. ಪರೀಕ್ಷೆ ಕಾಯುವ ಹೆಂಗಸು ಟ್ಯಾಬ್ಲೆಟ್‌ನ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾಳೆ. ಮೊದಲ ಸಲ ಬಾಗಿಲು ಹಾಕುವುದು ನನಗೆ ಹೊಳೆಯಲೇ ಇಲ್ಲ. ಹಗಲಲ್ಲಿ ಡೇರೆಯ ಬಾಗಿಲನ್ನು ಯಾರಾದರೂ ಹಾಕುತ್ತಾರೆಯೇ? ಮೂರನೇ ಪ್ರಶ್ನೆಗೆ ಪಕ್ಕದ ಡೇರೆಯ ಶೆರ್ಗಾಜಿ ದೊಡ್ಡಪ್ಪ ಅಜ್ಜಿ ಹುಳಿಬರಿಸಿದ ಕುದುರೆಹಾಲು, ಕುಮಿಸ್, ಕುಡಿಯಲು ನೇರ ಒಳಗೆ ಬಂದ. ಪರದೆಗೆ ಬಗ್ಗಿ, 'ಯಾರ ಮಗಳಮ್ಮಾ ನೀನು? ಮದ್ವೆ ಆಗಿದ್ಯಾ? ನಮ್ ಹುಡುಗ ಒಳ್ಳೇವ್ನು' ಅಂದ. ಪರೀಕ್ಷೆ ಅಲ್ಲಿಗೇ ರದ್ದು.

ಇವತ್ತು ಎರಡನೆಯ ಸಲ. ಬಾಗಿಲು ಹಾಕಬೇಕು ಅಂತ ನಿನ್ನೆ ಅಂದರೆ ಅಜ್ಜಿ ಸಿಡಿದಳು: 'ಐವತ್ತು ವರ್ಷದಲ್ಲಿ ಬಂದೋರ ಮುಖಕ್ಕೆ ಬಾಗ್ಲು ಹಾಕಿಲ್ಲ ನಾನು!' ಆದರೆ ಬೆಳಗ್ಗೆ ನೋಡಿದರೆ ಕಂಬಳಿ, ರೊಟ್ಟಿ, ಕೆನೆ, ಕುಮಿಸ್ ತುಂಬಿದ ಚರ್ಮದ ಚೀಲ ಎಲ್ಲವನ್ನೂ ಹೊರಗೆ ಹುಲ್ಲಿಗೆ ಸಾಗಿಸಿದ್ದಳು. ನನ್ನನ್ನು ಒಳಗೆ ನೂಕಿ, ತಾನೇ ಬಾಗಿಲೆಳೆದು, ಅದಕ್ಕೆ ಬೆನ್ನು ಕೊಟ್ಟು ಕೂತಳು. ಬಂದವರಿಗೆಲ್ಲ ಅಲ್ಲೇ ಉಪಚಾರ. ಉಣ್ಣೆಗೋಡೆಯಾಚೆ ಶೆರ್ಗಾಜಿ ದೊಡ್ಡಪ್ಪನ ದನಿ ಕೇಳಿಸಿತು: 'ಒಳಗೇನು ದೊಡ್ಡಮ್ಮ, ಹೆಣ್ಣು ನೋಡೋ ಶಾಸ್ತ್ರಾನಾ?' ಅಜ್ಜಿ, 'ನನ್ ಮೊಮ್ಮಗನಿಗೂ ಟವರಿಗೂ ಲಗ್ನ. ಬಾಯ್ಮುಚ್ಕೊಂಡು ಕುಡಿ' ಅಂದಳು. ನಗು ತಡೆಯಲು ತುಟಿ ಕಚ್ಚಿಕೊಂಡು ಹದಿನೇಳನೇ ಪ್ರಶ್ನೆಗೆ ಉತ್ತರ ಬರೆದೆ.

ಅಜ್ಜಿಯ ಆಶೀರ್ವಾದ, ನನ್ನ ನಮಸ್ಕಾರ, ಮರಿಕುದುರೆಯದೊಂದು ಒದೆ.

ನಿನ್ನ ಮೊಂಡ ಮಗ,
ಎಲ್ದಿಯಾರ್

ಮರೆತೆ (ಸುಳ್ಳು, ಮರೆತಿರಲಿಲ್ಲ): ನೂರಕ್ಕೆ ಎಂಬತ್ತೇಳು! ಪಾಸ್! ಈ ಕಾಗದ ಬರೆಯಲು ಕೂರುವ ಮೊದಲೇ ಫಲಿತಾಂಶ ಪರದೆಯಲ್ಲಿ ಬಂದಿತ್ತು. ಹೊರಗಿನವರಿಗೆ ಇನ್ನೂ ಗೊತ್ತಿಲ್ಲ. ಪರೀಕ್ಷೆ ನಡೆಯುತ್ತಿದೆ ಅಂದುಕೊಂಡು ಪಿಸುಗುಡುತ್ತಿದ್ದಾರೆ. ನಿನಗೆ ಇದು ಎಲ್ಲರಿಗಿಂತ ಕೊನೆಗೆ ತಲುಪುತ್ತದೆ, ಆದರೆ ಹೇಳಿದ್ದು ಮೊದಲು ನಿನಗೇ. ನನ್ನ ಟಿಕೆಟ್ ವಾಪಸ್ ಕೊಟ್ಟು, ಈ ಕಡೆಗೆ ನಿನ್ನ ಹೆಸರಲ್ಲಿ ಒಂದು ಮಾಡಿಸು. ಈಗ ಫೇಲಾದವನಂತೆ ಮುಖ ಹುಳ್ಳಗೆ ಮಾಡಿಕೊಂಡು ಹೊರಗೆ ಹೋಗಿ, ಬೆನ್ನ ಹಿಂದೆ ಬಾಗಿಲು ಹಾಕಿ, ಹತ್ತು ಎಣಿಸುವ ತನಕ ಸುಮ್ಮನೆ ನಿಲ್ಲುತ್ತೇನೆ.