ಹಿಂದಿನ ಲಿಫ್ಟಿನಲ್ಲಿದ್ದ ಸುಂದರವ್ವನ ತಪ್ಪೇನು?

ಮಾನ್ಯ ಲಿಫ್ಟ್ ತಪಾಸಣಾ ಅಧಿಕಾರಿಗಳೇ,

ಫಾತೋರ್ಡಾದ ಎಂಟು ಮಹಡಿಯ ಕಟ್ಟಡವೊಂದರಲ್ಲಿ ಮನೆಮನೆಯ ಕಸ ಇಳಿಸುವ ಸುಂದರವ್ವ ಎಂಬ ಹೆಂಗಸು ಕಳೆದ ಮೇ ತಿಂಗಳಲ್ಲಿ ಹಿಂದಿನ ಲಿಫ್ಟಿನೊಳಗೆ ಎರಡೂವರೆ ತಾಸು ಸಿಕ್ಕಿಬಿದ್ದಳು. ಅಷ್ಟು ಹೊತ್ತು ಸಿಕ್ಕಿಬಿದ್ದದ್ದು ಅವಳದೇ ತಪ್ಪು ಎಂದು ತಾವು ವರದಿ ಬರೆದಿದ್ದೀರಿ. ಆ ವರದಿಯ ಬಲದ ಮೇಲೆ ಕಂತ್ರಾಟದಾರರು ಅವಳನ್ನು ಎಂಟು ವರ್ಷದ ಕೆಲಸದಿಂದ ಬಿಡಿಸಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಬರೆ ಹಾಕಿ, ಅದಕ್ಕೆ ರುಜು ಮಾಡಿ, ಮೊಹರು ಒತ್ತಿ ನೋಟೀಸ್ ಬೋರ್ಡಿಗೆ ಅಂಟಿಸಿದ್ದನ್ನು ನೋಡಿದ್ದು ಇದೇ ಮೊದಲು.

ನಾನು ಆ ಕಟ್ಟಡದ ಕಾವಲುಗಾರ. ರೋಣ ತಾಲ್ಲೂಕಿನವನು, ಪಿಯುಸಿ ಪಾಸಾದವನು, ಗೋವಾಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಮಾಲೀಕರ ಜೊತೆ ಹಿಂದಿ ಮಾತಾಡುತ್ತೇನೆ, ಪೇಟೆಯಲ್ಲಿ ಕೊಂಕಣಿ ಮಾತಾಡುತ್ತೇನೆ, ಸಿಟ್ಟು ಬಂದರೆ ಮಾತ್ರ ಕನ್ನಡವೇ ಬೇಕಾಗುತ್ತದೆ. ಆದ್ದರಿಂದ ಪತ್ರಿಕೆಗೂ ಕಳಿಸುತ್ತಿರುವ ಈ ಪತ್ರ ಕನ್ನಡದಲ್ಲಿದೆ. ತಮಗೆ ಓದಲು ತೊಂದರೆಯಾದರೆ ತಮ್ಮ ಕಚೇರಿಯ ನೆಲ ಒರೆಸುವವರನ್ನೋ ಚಹಾ ತರುವವರನ್ನೋ ಕರೆಯಿರಿ. ಅವರಲ್ಲಿ ಒಬ್ಬರಾದರೂ ನಮ್ಮ ಕಡೆಯವರು ಇದ್ದೇ ಇರುತ್ತಾರೆ.

ನಮ್ಮಲ್ಲಿ ಎರಡು ಲಿಫ್ಟುಗಳಿವೆ, ಕಟ್ಟಡದ ಮುಂಬದಿಗೊಂದು, ಹಿಂಬದಿಗೊಂದು. ಮುಂದಿನದರಲ್ಲಿ ಕನ್ನಡಿ ಇದೆ, ಫ್ಯಾನ್ ಇದೆ, ಮಹಡಿ ಬಂದಾಗ ಹೇಳುವ ಹೆಣ್ಣುದನಿ ಇದೆ. ಕರೆಂಟ್ ಹೋದರೆ ಅರೆನಿಮಿಷದಲ್ಲಿ ಜನರೇಟರ್ ಅದನ್ನು ಎತ್ತಿಕೊಳ್ಳುತ್ತದೆ. ಹಿಂದಿನ ಲಿಫ್ಟು ಸಿಮೆಂಟ್ ಚೀಲ, ಫ್ರಿಜ್ಜು, ಮೀನಿನ ಬುಟ್ಟಿ, ಕಸ ಮತ್ತು ನಮ್ಮಂಥವರಿಗೆ. ಅದಕ್ಕೆ ಜನರೇಟರಿನ ಸಂಪರ್ಕವಿಲ್ಲ. ಒಳಗಿನ ಫ್ಯಾನು ಮೂರು ವರ್ಷದ ಹಿಂದೆ ಕೆಟ್ಟಿತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಏಕೆಂದರೆ ಕಸಕ್ಕೆ ಸೆಕೆಯಾಗುವುದಿಲ್ಲ. ಕರೆಂಟ್ ಇಲ್ಲದಾಗ ಉರಿಯಬೇಕಾದ ಪುಟ್ಟ ದೀಪವೂ ಕೆಟ್ಟಿದೆ. ಇವೆಲ್ಲ ತಮ್ಮ ವರದಿಯಲ್ಲಿ ಇಲ್ಲ. ಇರುವುದು ಬ್ಯಾಟರಿಯಿಂದ ನಡೆಯುವ ಎಚ್ಚರಿಕೆಯ ಬೆಲ್ ಒಂದೇ. ಅದು ಸರಿ ಇತ್ತು, ತಾವು ಸರಿಯಾಗಿಯೇ ಬರೆದಿದ್ದೀರಿ.

ಆ ದಿನ ನಡೆದದ್ದು ಹೀಗೆ. ಮಧ್ಯಾಹ್ನದ ಕಸವನ್ನು ಸುಂದರವ್ವ ಎರಡರೊಳಗೆ ಇಳಿಸಿ ಮುಗಿಸಬೇಕು. ಅವತ್ತು ಎಂಟನೇ ಮಹಡಿಗೆ ನೆಂಟರು ಬಂದಿದ್ದರು, ಕಸ ಎರಡು ಬಕೆಟ್ ಹೆಚ್ಚಾಗಿತ್ತು. ಸಿಗಡಿಯ ಸಿಪ್ಪೆ, ಹಲಸಿನ ಹಣ್ಣಿನ ನಾರು, ಮೀನಿನ ತಲೆ. ನಾಲ್ಕು ಬಕೆಟ್ ತುಂಬಿಕೊಂಡು ಅವಳು ಇಳಿಯುತ್ತಿದ್ದಾಗ ಎರಡು ಹತ್ತಕ್ಕೆ ಕರೆಂಟ್ ಹೋಯಿತು. ಲಿಫ್ಟು ಐದನೇ ಮತ್ತು ನಾಲ್ಕನೇ ಮಹಡಿಯ ನಡುವೆ ನಿಂತಿತು. ಇಪ್ಪತ್ತು ನಿಮಿಷಕ್ಕೆ ಕರೆಂಟ್ ಬಂತು, ಲಿಫ್ಟು ಮಾತ್ರ ಮಿಸುಕಲಿಲ್ಲ, ಒಳಗಿನ ದೀಪವೂ ಹತ್ತಲಿಲ್ಲ. ಆ ಕತ್ತಲಲ್ಲಿ, ಆ ನಾತದಲ್ಲಿ, ಮೇ ತಿಂಗಳ ಗೋವಾದ ಸೆಕೆಯಲ್ಲಿ, ಐವತ್ತಮೂರು ವರ್ಷದ ಆ ಹೆಂಗಸು ಬೆಲ್ಲಿನ ಗುಂಡಿಯ ಪಕ್ಕದಲ್ಲೇ ಕೂತಿದ್ದಳು. ಗುಂಡಿ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು, ದಿನಾ ಅದನ್ನು ಒರೆಸುವವಳು ಅವಳೇ.

ಅವಳು ಅದನ್ನು ಒತ್ತಿದ್ದು ನಾಲ್ಕಕ್ಕೆ. ತಾವು ಇಲ್ಲಿಗೇ ಪೆನ್ನು ನಿಲ್ಲಿಸಿದಿರಿ. ‘ಎಚ್ಚರಿಕೆಯ ಬೆಲ್ ಸುಸ್ಥಿತಿಯಲ್ಲಿತ್ತು. ಸಿಲುಕಿದ ವ್ಯಕ್ತಿ ಒಂದು ಗಂಟೆ ಐವತ್ತು ನಿಮಿಷ ಅದನ್ನು ಬಳಸಲಿಲ್ಲ. ವಿಳಂಬಕ್ಕೆ ಬಳಕೆದಾರರೇ ಹೊಣೆ.’ ಯಾಕೆ ಬಳಸಲಿಲ್ಲ ಎಂಬ ಪ್ರಶ್ನೆ ತಮ್ಮ ಮನಸ್ಸಿಗೆ ಬರಲೇ ಇಲ್ಲವೇ? ಒಬ್ಬ ಹೆಂಗಸು ಉಸಿರುಕಟ್ಟುವ ಪೆಟ್ಟಿಗೆಯೊಳಗೆ ಹೊರಬರುವ ದಾರಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಸುಮ್ಮನೆ ಕೂರಬೇಕಾದರೆ, ಒಂದೋ ಅವಳಿಗೆ ಹುಚ್ಚಿರಬೇಕು, ಇಲ್ಲವೇ ಬೇರೆ ಏನೋ ಇರಬೇಕು. ಅವಳನ್ನೇ ಕರೆದು ಕೇಳಿದ್ದರೆ ಹೇಳುತ್ತಿದ್ದಳು. ಅವಳ ಮನೆ ಕಟ್ಟಡದಿಂದ ಹತ್ತು ನಿಮಿಷದ ನಡಿಗೆ.

ತಾವು ಕೇಳದ್ದರಿಂದ ನಾನು ಹೇಳುತ್ತೇನೆ. ನಮ್ಮ ಕಟ್ಟಡದಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾರೂ ಯಾವ ಬೆಲ್ಲನ್ನೂ ಒತ್ತಬಾರದು. ಗೋವಾದ ಮಧ್ಯಾಹ್ನದ ನಿದ್ದೆ ತಮಗೆ ಗೊತ್ತಿಲ್ಲದ್ದಲ್ಲ, ತಾವೂ ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ ಎಂದು ಕೇಳಿದ್ದೇನೆ. ಅಂಗಡಿಗಳು ಬಾಗಿಲೆಳೆದುಕೊಂಡಿರುತ್ತವೆ, ನಾಯಿಗಳು ಸಹ ಸ್ಕೂಟರಿನ ನೆರಳಲ್ಲಿ ಅಡ್ಡಾಗಿರುತ್ತವೆ. ನಾನು ನಿದ್ದೆಯ ವೈರಿಯಲ್ಲ, ದುಡಿದವರು ಮಲಗಲಿ. ಆದರೆ ಸುಂದರವ್ವ ಕೆಲಸಕ್ಕೆ ಸೇರಿದ ಮೊದಲ ವಾರ ಮೂರನೇ ಮಹಡಿಯ ಬಾಲ್ಕನಿಯಿಂದ ನೀರು ಧಾರಾಕಾರವಾಗಿ ಸುರಿಯುವುದನ್ನು ಕಂಡು, ಪಾಪ, ನಲ್ಲಿ ಬಂದ್ ಮಾಡಲಿ ಎಂದು ಎರಡೂವರೆಗೆ ಆ ಮನೆಯ ಬೆಲ್ ಒತ್ತಿದಳು. ನಲ್ಲಿ ಬಂದಾಯಿತು. ಸುಂದರವ್ವನನ್ನು ಮೂರು ದಿನ ಮನೆಯಲ್ಲಿ ಕೂರಿಸಿದರು.

ಮತ್ತೆ ಕೆಲಸಕ್ಕೆ ಬಂದ ದಿನ ಗೇಟಿನಲ್ಲಿ ಅವಳನ್ನು ನಿಲ್ಲಿಸಿ ಬುದ್ಧಿ ಹೇಳಿದವನು ನಾನು. “ಯಕ್ಕಾ, ಎರಡರಿಂದ ನಾಕರತನಕ ಬೆಂಕಿ ಬಿದ್ರೂ ಬೆಲ್ ಒತ್ತಬ್ಯಾಡ. ನಿನ್ನ ಕೆಲಸಾನೂ ಹೊಕ್ಕೈತಿ, ನಂದೂ ಹೊಕ್ಕೈತಿ” ಎಂದೆ. ಅವಳು “ಆತು ತಮ್ಮಾ” ಎಂದಳು. ಎಂಟು ವರ್ಷ ಆ ಮಾತು ಮೀರಲಿಲ್ಲ. ಲಿಫ್ಟಿನ ಬೆಲ್ ಎಲ್ಲಿ ಬಡಿದುಕೊಳ್ಳುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಅದು ನೆಲಮಹಡಿಯ ಹಜಾರದಲ್ಲಿ, ಮನೆ ಮಾಲೀಕರ ಸೊಸೈಟಿಯ ಸೆಕ್ರೆಟರಿ ಮಲಗುವ ಕೋಣೆಯ ನೇರ ಕೆಳಗೆ ಇದೆ. ಹಿಂದೊಮ್ಮೆ ಮೆಕ್ಯಾನಿಕ್ ಮೂರು ಗಂಟೆಗೆ ಅದನ್ನು ಪರೀಕ್ಷೆ ಮಾಡಲು ಹೋಗಿ ಬೈಸಿಕೊಂಡದ್ದನ್ನು ಅವಳು ಪೊರಕೆ ಹಿಡಿದುಕೊಂಡು ನಿಂತು ನೋಡಿದ್ದಳು.

ಹಾಗಾದರೆ ಕತ್ತಲಲ್ಲಿ ನಾಲ್ಕಾದದ್ದು ಅವಳಿಗೆ ತಿಳಿದದ್ದು ಹೇಗೆ? ಅವಳ ಮೊಬೈಲು ನನ್ನ ಮೇಜಿನ ಡ್ರಾಯರಿನಲ್ಲಿತ್ತು, ಕೆಲಸದ ಹೊತ್ತಿನಲ್ಲಿ ಮೊಬೈಲ್ ಇಟ್ಟುಕೊಳ್ಳಬಾರದು ಎಂಬುದು ಇನ್ನೊಂದು ನಿಯಮ. ನಮ್ಮ ಓಣಿಗೆ ಸೈಕಲ್ಲಿನ ಮೇಲೆ ಪಾಂವ್ ಬ್ರೆಡ್ ಮಾರುವ ಪೊದೇರ ಬರುತ್ತಾನೆ. ಅವನಿಗೂ ನಾಲ್ಕರ ತನಕ ಗೇಟಿನೊಳಗೆ ಪ್ರವೇಶವಿಲ್ಲ. ನಾಲ್ಕಾದ ಮೇಲೆಯೇ ಅವನು ಪೋಂ ಪೋಂ ಎಂದು ಹಾರ್ನ್ ಒತ್ತುತ್ತಾನೆ. ಲಿಫ್ಟು ಓಡಾಡುವ ಬಾವಿಯ ಗಾಳಿಕಿಂಡಿಯಿಂದ ಆ ಸದ್ದು ಒಳಗೆ ಬಂದಾಗ ಸುಂದರವ್ವ ಎದ್ದು ನಿಂತು, ಸೆರಗಿನಿಂದ ಕೈ ಒರೆಸಿಕೊಂಡು ಬೆಲ್ ಒತ್ತಿದಳು. ಕೈ ಒರೆಸಿಕೊಂಡದ್ದನ್ನು ಅವಳೇ ಹೇಳಿದಳು. ಮೀನಿನ ಕೈಯಲ್ಲಿ ಗುಂಡಿ ಮುಟ್ಟಿದರೆ ನಾತ ಹಿಡಿಯುತ್ತದಂತೆ.

ಬೆಲ್ ಕೇಳಿ ನಾನು ಓಡಿದೆ. ಬಾಗಿಲು ತೆರೆಯುವ ಬೀಗದ ಕೈ ನನ್ನ ಹತ್ತಿರ ಇರಲಿಲ್ಲ. ಅದು ಮೆಕ್ಯಾನಿಕ್ಕನ ಹತ್ತಿರ ಇತ್ತು, ಮೆಕ್ಯಾನಿಕ್ ದೂರದ ಕೆಪೆ ಊರಿನಲ್ಲಿದ್ದ. ಅವನು ಬಂದು ಬಾಗಿಲು ಬಿಡಿಸಲು ನಲವತ್ತು ನಿಮಿಷ ಹಿಡಿಯಿತು. ಈ ನಲವತ್ತು ನಿಮಿಷವನ್ನು ತಾವು ‘ಸಮಂಜಸವಾದ ಸ್ಪಂದನೆಯ ಅವಧಿ’ ಎಂದು ಕರೆದಿದ್ದೀರಿ. ಮೆಕ್ಯಾನಿಕ್ ತಡಮಾಡಿದರೆ ಸಮಂಜಸ, ಕಸದವಳು ತಡಮಾಡಿದರೆ ಲೋಪ. ಬಾಗಿಲಾಚೆ ನಿಂತು ನಾನು ಕೂಗುತ್ತಿದ್ದೆ. “ಯಕ್ಕಾ, ಯಾವಾಗಿಂದ ಒಳಗದೀಯಬೇ?” ಒಳಗಿನಿಂದ ಬಂದ ದನಿ ಬಾವಿಯ ತಳದಿಂದ ಬಂದಂತಿತ್ತು. “ಕರೆಂಟ್ ಹ್ವಾದಾಗಿಂದ ತಮ್ಮಾ.” “ಮತ್ತ ಯಾಕ ಒತ್ತಲಿಲ್ಲ?” “ಎಲ್ಲಾರೂ ಮಲಗಿದ್ರಲ್ಲೋ.” ಬಕೆಟ್ಟುಗಳ ನಡುವಿನಿಂದ ಅವಳನ್ನು ಎತ್ತಿ ಹೊರಗೆ ತಂದಾಗ ಸೀರೆಯೆಲ್ಲ ತೊಯ್ದು ಮೈಗಂಟಿತ್ತು, ಬೆಳಕಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಅವಳು ಮೊದಲು ಕೇಳಿದ್ದು, ಕಸ ಯಾರು ಇಳಸ್ತಾರ ಅಂತ.

ಹತ್ತು ದಿನದ ಮೇಲೆ ತಾವು ಬಂದಿರಿ. ಮುಂದಿನ ಲಿಫ್ಟಿನಲ್ಲಿ ಎಂಟನೇ ಮಹಡಿಗೆ ಹೋಗಿ ಬಂದಿರಿ, ಅಲ್ಲಿ ತಮಗೆ ಗೋಡಂಬಿ ಮತ್ತು ಕೋಕಮ್ ಶರಬತ್ತು ಕೊಟ್ಟರು. ಹಿಂದಿನ ಲಿಫ್ಟಿನೊಳಗೆ ತಾವು ಒಂದು ಕಾಲು ಇಟ್ಟಿರಿ, ಇನ್ನೊಂದನ್ನು ಹೊರಗೇ ಇಟ್ಟುಕೊಂಡಿರಿ, ಕರವಸ್ತ್ರ ಮೂಗಿಗೆ ಹಿಡಿದು ಬೆಲ್ ಒತ್ತಿದಿರಿ. ಬೆಲ್ ಬಡಿಯಿತು. ಒಂದು ಯಂತ್ರವನ್ನು ಅರಿಯಲು ಒಂದು ಕಾಲು ಸಾಕು ಎಂಬುದು ನಮಗೆ ಗೊತ್ತಿರಲಿಲ್ಲ. ಆಮೇಲೆ ನನ್ನನ್ನು ಕರೆದು ಎರಡು ಪ್ರಶ್ನೆ ಕೇಳಿದಿರಿ. ಬೆಲ್ ನಡೆಯುತ್ತಿತ್ತೇ? ಹೌದು ಸಾಹೇಬರೇ ಎಂದೆ. ಎಷ್ಟು ಹೊತ್ತಿಗೆ ಕೇಳಿಸಿತು? ನಾಲ್ಕಕ್ಕೆ ಎಂದೆ. ಎರಡೂ ಸತ್ಯ. ಆ ಎರಡು ಸತ್ಯಗಳಿಂದ ಸುಂದರವ್ವನ ಕೆಲಸ ಹೋಯಿತು.

ಇನ್ನು ಮೂರನೆಯದು, ತಾವು ಕೇಳದ್ದು, ನಾನೂ ಹೇಳದ್ದು. ಕರೆಂಟ್ ಹೋದ ತಕ್ಷಣ ನಾನು ಮುಂದಿನ ಲಿಫ್ಟಿನ ಹತ್ತಿರ ಓಡಿ “ಕೋಯಿ ಹೈ?” ಎಂದು ಕೂಗಿ ನೋಡಿದೆ. ಹಿಂದಿನದರ ಕಡೆ ಹೋಗಲಿಲ್ಲ. ಸುಂದರವ್ವ ಗಚ್ಚಿಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿರಬೇಕು ಎಂದುಕೊಂಡೆ ಎಂದು ಹೆಂಡತಿಗೆ ಹೇಳಿದ್ದೇನೆ. ಅದು ಅರ್ಧ ಸತ್ಯ. ಹಿಂದಿನ ಲಿಫ್ಟಿನಲ್ಲಿ ಮನುಷ್ಯರು ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಹದಿನಾಲ್ಕು ವರ್ಷ ಅದೇ ಲಿಫ್ಟಿನಲ್ಲಿ ಓಡಾಡಿದವನಿಗೆ ಹೊಳೆಯಲಿಲ್ಲ! ತಾವು ನನ್ನನ್ನು ವಿಚಾರಿಸುವಾಗ ಸೆಕ್ರೆಟರಿಯವರು ನನ್ನ ಮಗ್ಗುಲಲ್ಲೇ ನಿಂತಿದ್ದರು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನನ್ನ ಸಂಸಾರವಿದೆ, ಈ ಕೆಲಸ ಹೋದರೆ ಆ ಕೋಣೆಯೂ ಹೋಗುತ್ತದೆ. ಬಡವನ ಸಿಟ್ಟು ದವಡೆಗೆ ಮೂಲ ಎಂದು ಹಲ್ಲು ಕಚ್ಚಿಕೊಂಡೆ. ನಿದ್ದೆಯ ನಿಯಮವನ್ನು ನಾನೇ ಅವಳಿಗೆ ಕಲಿಸಿದೆ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಲಿಫ್ಟಿನ ಬಾಗಿಲನ್ನು ಮೆಕ್ಯಾನಿಕ್ ಬಂದು ತೆರೆದ. ನನ್ನ ಬಾಯಿಯನ್ನು ಇಷ್ಟು ದಿನ ಯಾರೂ ತೆರೆಯಲಿಲ್ಲ, ನನಗೆ ನನ್ನ ಮೇಲೆಯೇ ಅಸಹ್ಯವಾಗಿದೆ.

ಸುಂದರವ್ವ ಈಗ ಹೇಗಿದ್ದಾಳೆ ಎಂದು ತಮಗೆ ತಿಳಿಯಬೇಕು. ಅವಳಿಗೆ ಬಾಗಿಲು ಹಾಕಿದ ಜಾಗದಲ್ಲಿ ಇರಲಾಗುವುದಿಲ್ಲ. ಬಚ್ಚಲಿಗೆ ಹೋದರೂ ಬಾಗಿಲು ತೆರೆದಿರಬೇಕು, ಸೊಸೆ ದೀಪಾ ಹೊರಗೆ ಬೆನ್ನು ಮಾಡಿ ಕಾವಲು ನಿಲ್ಲುತ್ತಾಳೆ. ಬಸ್ಸಿನ ಬಾಗಿಲು ಮುಚ್ಚಿದರೆ ಇಳಿದುಬಿಡುತ್ತಾಳೆ, ಆದ್ದರಿಂದ ದೂರದ ಕೆಲಸಕ್ಕೆ ಹೋಗುವಂತಿಲ್ಲ. ಹತ್ತಿರದ ಕಟ್ಟಡಗಳಲ್ಲಿ ಕೇಳಿದರೆ, ಲಿಫ್ಟಿನಲ್ಲಿ ತಪ್ಪು ಮಾಡಿದವಳಲ್ಲವೇ ಎನ್ನುತ್ತಾರೆ. ಕಟ್ಟಡದಿಂದ ಕಟ್ಟಡಕ್ಕೆ ಸುದ್ದಿ ಹೋಗಲು ಮಾತ್ರ ಜನರೇಟರ್ ಬೇಕಾಗಿಲ್ಲ.

ಇಷ್ಟಾದರೂ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ. ಹೋದ ಭಾನುವಾರ ಅವಳ ಮನೆಗೆ ಹೋಗಿ ಎದುರಿಗೆ ಕೂತು ಎಲ್ಲ ಒಪ್ಪಿಕೊಂಡೆ. “ಯಕ್ಕಾ, ತಪ್ಪು ನಂದು. ನಾ ಹೇಳಿದ್ದಕ್ಕ ನೀ ಒತ್ತಲಿಲ್ಲ” ಎಂದೆ. ಅವಳು ನನ್ನನ್ನೇ ಸಮಾಧಾನ ಮಾಡಿದಳು. “ಇಲ್ಲೋ ತಮ್ಮಾ, ನಂದ ತಪ್ಪು. ಸಾಹೇಬ್ರು ನೋಡಿಯೇ ಬರದಾರಲ್ಲ ಕಾಗದದಾಗ. ಅಷ್ಟು ಓದಿದಾವ್ರು ಸುಳ್ಳು ಬರೀತಾರೇನು?” ಎಷ್ಟು ಹೇಳಿದರೂ ಅದೇ ಮಾತು. ತಮ್ಮ ವರದಿಯನ್ನು ಸೊಸೈಟಿಯವರು ನಂಬಲಿಲ್ಲ, ಅವರಿಗೆ ಅನುಕೂಲವಾಯಿತು, ಅಷ್ಟೇ. ಕಂತ್ರಾಟದಾರರು ನಂಬಲಿಲ್ಲ, ಬಳಸಿಕೊಂಡರು. ಅದನ್ನು ಮನಸಾರೆ ನಂಬಿದವಳು ಇಡೀ ಗೋವಾದಲ್ಲಿ ಒಬ್ಬಳೇ, ಆ ಸುಂದರವ್ವ.

ಆದ್ದರಿಂದ ನನ್ನ ಬೇಡಿಕೆ. ಹಿಂದಿನ ಲಿಫ್ಟಿಗೆ ಜನರೇಟರ್, ಫ್ಯಾನು, ದೀಪ ಕೊಡಿಸಿ. ಬಾಗಿಲಿನ ಬೀಗದ ಕೈ ಕಾವಲುಗಾರನ ಹತ್ತಿರ ಇರಲಿ. ಬೆಲ್ಲಿನ ಗುಂಡಿಯ ಮೇಲೆ ಯಾವ ಹೊತ್ತಿನಲ್ಲಾದರೂ ಒತ್ತಬಹುದು ಎಂದು ಕನ್ನಡ, ಕೊಂಕಣಿ, ಹಿಂದಿ ಮೂರರಲ್ಲೂ ಬರೆಸಿ. ತಾವೂ ಒಂದು ಮಧ್ಯಾಹ್ನ ಆ ಕತ್ತಲಲ್ಲಿ ನಿಂತು ನೋಡಬೇಕು ಎಂದು ಸಿಟ್ಟಿನಲ್ಲಿ ಬರೆದಿದ್ದೆ, ಸುಂದರವ್ವ ಓದಿಸಿ ಕೇಳಿ “ಅದನ್ನ ತೆಗಿಯೋ, ಅದು ಯಾರಿಗೂ ಬ್ಯಾಡ” ಎಂದಳು. ತೆಗೆದಿದ್ದೇನೆ.

ಕೊನೆಯದಾಗಿ, ‘ವಿಳಂಬಕ್ಕೆ ಬಳಕೆದಾರರೇ ಹೊಣೆ’ ಎಂಬ ಸಾಲನ್ನು ಹೊಡೆದುಹಾಕಿ. ಆ ಜಾಗದಲ್ಲಿ ನಿಯಮ ಮಾಡಿದವರ ಹೆಸರು ಬರೆಯಿರಿ, ಅದನ್ನು ಕಲಿಸಿದ ನನ್ನ ಹೆಸರೂ ಬರೆಯಿರಿ. ಬರೆದ ಕಾಗದವನ್ನು ಮೊಹರು ಹಾಕಿ ತಾವೇ ಅವಳ ಮನೆಗೆ ಒಯ್ದು, ಬಾಗಿಲು ತೆರೆದಿಟ್ಟು ಕೂತು, ಅದರಲ್ಲೇನಿದೆ ಎಂದು ಅವಳಿಗೆ ಹೇಳಿ. ನಾನು ಹೇಳಿದರೆ ಅವಳು ನಂಬುವುದಿಲ್ಲ. ತಾವು ಹೇಳಿದರೆ ನಂಬುತ್ತಾಳೆ.

ಇಂತಿ,
ಈ ಪತ್ರ ಅಚ್ಚಾಗುವ ದಿನದವರೆಗೆ ಆ ಕಟ್ಟಡದ ಕಾವಲುಗಾರನಾಗಿರುವ
ಗುರುಲಿಂಗ
ಫಾತೋರ್ಡಾ