ಮೆಲ್ಲಗೆ ಸುಮ್ಮನಾಗುವ ಸ್ಪೀಕರು

ಕುಂದಗೋಳ,
ತಾ. ೧೦-೨-೧೯೭೭

ಸೌ. ಶಿವಗಂಗವ್ವಳಿಗೆ,

ನಿನ್ನ ಮನೆಯವನ ಆಶೀರ್ವಾದ. ನಾನು ಇಲ್ಲಿ ಆರಾಮ ಇದ್ದೇನೆ. ನಿನ್ನ ಮೊಣಕಾಲು ನೋವು ಹೇಗಿದೆ? ಕಲಘಟಗಿಯ ಕಡೆ ಥಂಡಿ ಹೆಚ್ಚು, ಬರೀ ನೆಲದ ಮೇಲೆ ಮಲಗಬೇಡ. ರೇವವ್ವನಿಗೆ ಅಂಟಿನುಂಡಿ ತಿನ್ನಿಸುತ್ತಿರುವೆಯಷ್ಟೆ? ಮಗಳ ಈ ಬಾಣಂತನವೂ ನಮ್ಮ ಮನೆಯಲ್ಲೇ ಆಗಬೇಕಿತ್ತು, ಬಸ್ಸಿನ ಕುಲುಕಾಟ ಬೇಡವೆಂದು ಡಾಕ್ಟರು ಹೇಳಿದ್ದರಿಂದ ನೀನೇ ಅಲ್ಲಿಗೆ ಹೋಗಬೇಕಾಯಿತು. ಇಲ್ಲಿ ಮನೆ ಹೇಗೋ ನಡೆದಿದೆ. ಬಾಜು ಮನೆಯ ಸಾವಂತ್ರೆವ್ವ ರೊಟ್ಟಿ ಕೊಡುತ್ತಾಳೆ, ಪಲ್ಯ ನಾನೇ ಮಾಡಿಕೊಳ್ಳುತ್ತೇನೆ. ರುಚಿ ಹೇಗಿರುತ್ತದೆಂದು ಕೇಳಬೇಡ. ನಿನ್ನೆ ಬೆಕ್ಕು ಮೂಸಿ ನೋಡಿ ಹಾಗೇ ಹೋಯಿತು.

ಮೊನ್ನೆ ಅಳಿಯ ಕುಬೇರಪ್ಪ ಹುಬ್ಬಳ್ಳಿಗೆ ಬಂದವನು ಇಲ್ಲಿಗೂ ಬಂದು ಹೋದ. ಕೂಸು ಚಲೋ ಹಾಲು ಕುಡಿಯುತ್ತದಂತೆ, ತೊಟ್ಟಿಲಿಗೆ ಬಣ್ಣ ಹಚ್ಚಿ ಆಯಿತಂತೆ. ಎಲ್ಲ ಹೇಳಿ, ಚಹಾ ಕುಡಿದು, ಎದ್ದು ಚಪ್ಪಲಿ ಮೆಟ್ಟುವಾಗ ಹೇಳಿದ: "ಮಾವಾ, ಅತ್ತಿಯವರು ಕೂಸಿನ್ನ ತೂಗತಾರ್ರಿ, ಆದ್ರ ಬಾಯಿ ಬಿಚ್ಚಂಗಿಲ್ರಿ. ಹೆಸರಿಡೂ ದಿನಾ ಹಾಡಾಕ ಬ್ಯಾರೆದವರನ್ನ ಕರೀರಿ ಅಂದಾರ್ರಿ." ನಮ್ಮ ಓಣಿಯಲ್ಲಿ ನೀನು ಜೋಗುಳ ಹಾಡದೆ ಯಾವ ಕೂಸಿಗೂ ಹೆಸರಿಟ್ಟದ್ದಿಲ್ಲ. ಈಗ ನಮ್ಮ ಮೊಮ್ಮಗನ ತೊಟ್ಟಿಲ ಮುಂದೆಯೇ ನೀನು ಸುಮ್ಮನೆ ಕೂಡುವುದೆಂದರೆ ಅದಕ್ಕೆ ಕಾರಣ ಯಾರೆಂದು ನನಗೆ ಗೊತ್ತಿದೆ.

ದೀಪಾವಳಿಯ ಸಂಜೆ ಇನ್ನೂ ಕಣ್ಣ ಮುಂದಿದೆ. ಸಾವಂತ್ರೆವ್ವನ ಮೊಮ್ಮಗಳಿಗೆ ಹೆಸರಿಡುವಾಗ ನೀನು ಹಾಡಿದ್ದನ್ನು ಟೇಪಿನಲ್ಲಿ ಹಿಡಿದು ತಂದಿದ್ದೆ. ಮನೆಗೆಂದು ಮಾಡಿದ ಹೊಸ ಸ್ಪೀಕರ್ ಪೆಟ್ಟಿಗೆಯನ್ನು ಪಡಸಾಲೆಯಲ್ಲಿಟ್ಟು, ಜಮಖಾನ ಹಾಸಿ, ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕೂಡಿಸಿ ಹಚ್ಚಿದೆ. ಹೆಂಡತಿಗೆ ಅವಳ ಧ್ವನಿಯನ್ನೇ ಉಡುಗೊರೆ ಕೊಡುತ್ತಿದ್ದೇನೆಂಬ ಜಂಬ ಬೇರೆ. ಪೆಟ್ಟಿಗೆಯಿಂದ ಬಂದದ್ದು ತಗಡು ಕೆರೆದ ಸದ್ದು. ನೀನು "ನನ್ನ ದನಿ ಹಿಂಗ ಐತೇನ್ರಿ?" ಎಂದು ಕೇಳಿದೆ. ನನ್ನ ಪೆಟ್ಟಿಗೆಯ ಮರ್ಯಾದೆ ಉಳಿಯಬೇಕಲ್ಲ, "ಮಷೀನ ಸುಳ್ಳ ಹೇಳತೈತೇನ?" ಎಂದುಬಿಟ್ಟೆ. ಎಲ್ಲರೂ ನಕ್ಕರು, ನೀನೂ ನಕ್ಕೆ. ಆಮೇಲೆ ಯಾರು ಕರೆಯಲು ಬಂದರೂ ಗಂಟಲು ಸರಿಯಿಲ್ಲವೆಂದು ಕಳಿಸಿದೆ. ಎರಡು ದಿನದ ನೆಗಡಿ ಇರಬೇಕೆಂದು ನಾನು ಕೇಳಲೂ ಇಲ್ಲ.

ಅಳಿಯ ಹೋದ ಮೇಲೆ ಪೆಟ್ಟಿಗೆ ಬಿಚ್ಚಿ ಕೂತೆ. ಸ್ವಲ್ಪ ತಾಳ್ಮೆಯಿಂದ ಓದು, ಇದು ನಿನ್ನ ಸಲುವಾಗಿಯೇ ಬರೆದದ್ದು. ಪೆಟ್ಟಿಗೆಯಲ್ಲಿ ಎರಡು ಸ್ಪೀಕರು. ದೊಡ್ಡದು ವೂಫರ್, ದಪ್ಪ ಧ್ವನಿ ಅದರ ಪಾಲಿಗೆ. ಚಿಕ್ಕದರ ಪಾಲಿಗೆ ಸಣ್ಣ ಧ್ವನಿ. ಪಾಲು ಹಂಚಲು ನಾನು ಹಾಕಿದ್ದು ದೊಡ್ಡದಕ್ಕೆ ಒಂದು ತಂತಿಯ ಸುರುಳಿ, ಚಿಕ್ಕದಕ್ಕೆ ಒಂದು ಕಂಡೆನ್ಸರ್, ಅಷ್ಟೆ. ಒಂದು ಸುರುಳಿ ಧ್ವನಿಯನ್ನು ಕತ್ತರಿಸಿ ಹಾಕುವುದಿಲ್ಲ, ಮೆಲ್ಲಗೆ ತಡೆಯುತ್ತದೆ. ಅದಕ್ಕೇ ಸ್ವರ ಮೇಲೇರಿದಂತೆಲ್ಲ ವೂಫರ್ ತಾನಾಗಿಯೇ ತಗ್ಗುತ್ತ ಸುಮ್ಮನಾಗಬೇಕು. ಹುಬ್ಬಳ್ಳಿಯ ರೇಡಿಯೋ ಅಂಗಡಿಯ ದಾವೂದಸಾಬ ಕೊಳ್ಳುವ ದಿನವೇ ಹೇಳಿದ್ದ: "ಹೆಂಗ ಒದರತೈತಿ ನೋಡಬ್ಯಾಡ್ರಿ ಮಡಿವಾಳೆಪ್ಪ, ಹೆಂಗ ಸುಮ್ಮನಾಗತೈತಿ ನೋಡ್ರಿ." ನಾನು ಕೇಳಬೇಕಲ್ಲ. ಮದುವೆಗೆ ಗಿಡದ ಮೇಲೆ ತಗಡಿನ ಭೋಂಗಾ ಕಟ್ಟಿ ಮೂರು ಊರಿಗೆ ಕೇಳಿಸಿದ ಮೈಕ್ ಸೆಟ್ಟಿನವನು ನಾನು. ಅಂಗಡಿಯಲ್ಲಿ ಶಹನಾಯಿ ರೆಕಾರ್ಡು ಹಚ್ಚಿಸಿ, ರಸ್ತೆ ದಾಟಿ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಅಲ್ಲಿಗೂ ಕೇಳಿಸಿದ ವೂಫರನ್ನೇ ಆರಿಸಿದೆ. ಭೋಂಗಾ ಆರಿಸುವ ರೀತಿ ಅದು. ಪಡಸಾಲೆಯಲ್ಲಿ ಕೂತು ಜೋಗುಳ ಕೇಳುವವನು ಆರಿಸುವ ರೀತಿಯಲ್ಲ.

ಚಿಕ್ಕ ಸ್ಪೀಕರನ್ನೂ ಸುರುಳಿಯನ್ನೂ ಬಿಡಿಸಿ, ವೂಫರ್ ಒಂದನ್ನೇ ಇಟ್ಟು ಹಾರ್ಮೋನಿಯಂ ಟೇಪು ಹಚ್ಚಿದೆ. ಸ್ವರ ಮೇಲೇರಿದಾಗ ಅದು ತಗ್ಗುವ ಬದಲು ಒಂದು ಜಾಗದಲ್ಲಿ ಚೀರಿಕೊಂಡಿತು. ನಿನ್ನ ಧ್ವನಿ ಏರಿ ನಿಲ್ಲುವ ಜಾಗವೇ ಅದು. ಒಂದು ಸುರುಳಿಯಿಂದ ಆ ಚೀರಾಟ ಹೇಗೆ ನಿಂತೀತು? ಮರುದಿನವೇ ಹುಬ್ಬಳ್ಳಿಗೆ ಹೋದೆ. ದಾವೂದಸಾಬ ನಗಲಿಲ್ಲ, ಅದೇ ದೊಡ್ಡದು. ಕೆಟ್ಟ ಹಳೆಯ ರೇಡಿಯೋದಿಂದ ತೆಗೆದ ಮೆತ್ತನೆ ಕಾಗದದ ಸ್ಪೀಕರು ಒಂದನ್ನು ಕೊಟ್ಟ. ಅದನ್ನೂ ಹಾಗೇ ಪರೀಕ್ಷಿಸಿದೆ. ಸ್ವರ ಏರಿದಂತೆ ಅದರ ಸದ್ದು ಸಂತೆ ಕರಗಿದ ಹಾಗೆ ತಾನೇ ಇಳಿಯುತ್ತ ಹೋಯಿತು, ಎಲ್ಲಿಯೂ ಎದ್ದು ಕೂಗಲಿಲ್ಲ. ಮತ್ತೆ ಅದೇ ಸುರುಳಿ, ಅದೇ ಕಂಡೆನ್ಸರ್ ಜೋಡಿಸಿ ನಿನ್ನ ಟೇಪು ಹಚ್ಚಿದೆ. ರೊಟ್ಟಿ ತಂದ ಸಾವಂತ್ರೆವ್ವ ಗಂಗಾಳ ಹಿಡಿದುಕೊಂಡು ಬಾಗಿಲಲ್ಲೇ ನಿಂತು, "ಶಿವಗಂಗಕ್ಕ ಯಾವಾಗ ಬಂದ್ಳರಿ?" ಎಂದು ಒಳಗೆ ಇಣುಕಿದಳು. ರೊಟ್ಟಿ ಇಸಿದುಕೊಂಡು ಮುಖ ತಿರುಗಿಸಿದೆ.

ತಪ್ಪೆಲ್ಲ ವೂಫರಿನದೆಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಮದುವೆಯಾದಂದಿನಿಂದ ನಿನ್ನ ಹಾಡು ಕೇಳಿದ ಕಿವಿ ನನ್ನದು. ಅದನ್ನು ನಂಬದೆ, ನಾಲ್ಕು ಜನರೆದುರು ನಿನ್ನೆ ಮೊನ್ನೆಯ ಪೆಟ್ಟಿಗೆಯನ್ನು ನಂಬಿದೆ. ಅದು ನನ್ನನ್ನು ಬಹಳ ಸುಡುತ್ತಿದೆ. ನಿನ್ನ ಧ್ವನಿ ಹಾಗಿಲ್ಲ ಶಿವಗಂಗಾ, ಎಂದೂ ಹಾಗಿರಲಿಲ್ಲ. ಅಂದೇ ಹೇಳಬೇಕಾದ ಮಾತನ್ನು ಇಷ್ಟು ತಡವಾಗಿ, ಅದೂ ಕಾಗದದಲ್ಲಿ ಹೇಳುತ್ತಿದ್ದೇನೆ.

ಬೀಗರಿಗೆ ನನ್ನ ಶರಣು ತಿಳಿಸು. ರೇವವ್ವನಿಗೂ ಕೂಸಿಗೂ ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಮಡಿವಾಳೆಪ್ಪ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಸೋಮವಾರ ಹೆಸರಿಡುವ ಕಾರ್ಯಕ್ಕೆ ಮೈಕ್ ಸೆಟ್ ತರಬೇಕೆಂದು ಕುಬೇರಪ್ಪ ಹೇಳಿದ್ದಾನೆ. ತರುವುದಿಲ್ಲ. ಭೋಂಗಾ ಇಲ್ಲ, ಟೇಪು ಇಲ್ಲ, ಕೈ ಬೀಸಿಕೊಂಡು ಬರುತ್ತೇನೆ. ಬೇರೆ ಯಾರನ್ನೂ ಕರೆಸಬೇಡ, ನೀನೇ ಹಾಡು. ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ನಾನಿದ್ದರೆ ಬಾಯಿ ಬಾರದು ಅನ್ನಿಸಿದರೆ ರೇವವ್ವನಿಂದ ಒಂದು ಸನ್ನೆ ಮಾಡಿಸು, ಬಸ್ ಸ್ಟ್ಯಾಂಡಿಗೆ ಹೋಗಿ ಕೂಡುತ್ತೇನೆ. ನನಗೆ ಕೇಳದಿದ್ದರೂ ನಡೆದೀತು. ಕೂಸಿಗೆ ಕೇಳಲಿ.